ಎಐ ಉತ್ತರಗಳನ್ನು ಗುಂಪಿನಲ್ಲಿ ಹಾಕುವ ಕುರಿತು ಸೂಚನೆ

ಎಲ್ಲ ತೊಗರಿ ಬೆಳೆಗಾರ ಬಂಧುಗಳಿಗೆ ಶರಣು ಶರಣಾರ್ಥಿ.

ಮೊನ್ನೆ ನಮ್ಮ ಗುಂಪಿನಲ್ಲಿ ಎಐ ಆ್ಯಪ್ ಕೊಟ್ಟ ಉತ್ತರವೊಂದನ್ನು ಹಂಚಿಕೊಳ್ಳಲಾಗಿದ್ದು, ಎಲೆಗಳ ಮೇಲೆ ಔಷಧ ಸಿಂಪಡಿಸಿದರೆ ತೊಗರಿ ಗಿಡ ಬಾಡಿ ಒಣಗುವ ನೆಟೆ ರೋಗ ವಾಸಿಯಾಗುತ್ತದೆ ಎಂದು ಅದರಲ್ಲಿತ್ತು. ಆದರೆ ಈ ರೋಗದ ಶಿಲೀಂಧ್ರವು ಮಣ್ಣಿನಲ್ಲಿದ್ದು ಬೇರಿನ ಮೂಲಕ ಗಿಡದೊಳಗೆ ಸೇರುತ್ತದೆ; ಬಾಡಿದ ಗಿಡದ ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಎಲೆಗೆ ಹೊಡೆದ ಔಷಧದಿಂದ ಅದು ಗುಣವಾಗುವುದಿಲ್ಲ. ಆ ಉತ್ತರವನ್ನು ನಂಬಿ ಹಣ ಕಳೆದುಕೊಂಡ ಸದಸ್ಯರ ನೋವು ನನ್ನನ್ನು ಬಹಳ ಕಾಡಿದೆ.

ಆದ್ದರಿಂದ ಇಂದಿನಿಂದ ಇಂಥ ಉತ್ತರ ಹಾಕುವವರು ‘ಇದು ಎಐ ಹೇಳಿದ್ದು’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಔಷಧ, ಅದರ ಪ್ರಮಾಣ ಅಥವಾ ಬೀಜೋಪಚಾರದ ವಿಷಯವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿದ ನಂತರವೇ ಹಾಕಬೇಕು. ಬೆಳೆ ವಿಮೆಯ ಅರ್ಜಿ ಬರೆಸಲೆಂದು ಆಧಾರ್, ಪಾಸ್‌ಬುಕ್‌ಗಳ ಫೋಟೊಗಳನ್ನು ಈ ಆ್ಯಪ್‌ಗಳಿಗೆ ಕೊಡಬೇಡಿ, ಬೇರೆಯವರದ್ದಂತೂ ಬೇಡವೇ ಬೇಡ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕಾಯ್ದೆಯಾಗಿದೆ.

ಆ ಹಳೆಯ ಸಂದೇಶವನ್ನು ಬೇರೆ ಗುಂಪುಗಳಿಗೆ ಕಳುಹಿಸಿದವರು ಅಲ್ಲಿಯೂ ತಪ್ಪೆಂದು ತಿಳಿಸಬೇಕಾಗಿ ವಿನಂತಿ. ಓದಿದವರೆಲ್ಲರೂ ಭಾನುವಾರ ಸಂಜೆಯೊಳಗೆ ‘ಒಪ್ಪಿಗೆ’ ಎಂದು ಉತ್ತರಿಸಿರಿ. ಆಕ್ಷೇಪಣೆ ಇದ್ದವರು ನನಗೆ ಕರೆ ಮಾಡಬಹುದು.