ಕಾಫಿ ಕಣದ ದೀಪ ಆರಿಸಿದ ಅಣ್ಣನಿಗೆ

ಸೋಮವಾರಪೇಟೆ ಕಡೆಯ ಕಣದಲ್ಲಿ ಕಾಫಿ ಕಾಯುತ್ತಿದ್ದ ಅಣ್ಣ, ನಿಮ್ಮ ಹೆಸರು ಕೇಳಲಿಲ್ಲ, ಕ್ಷಮಿಸಿ. ನೀವು ಆ ದೊಡ್ಡ ದೀಪ ಆರಿಸದಿದ್ದರೆ ನಮ್ಮ ದೂರದರ್ಶಕದಲ್ಲಿ ಏಡಿ ನೀಹಾರಿಕೆ ಎಂಬ ಆಕಾಶದ ಅನಿಲ ಮೋಡ ಯಾರಿಗೂ ಕಾಣುತ್ತಿರಲಿಲ್ಲ. ಅದರ ಕಾಂತಿಮಾನ, ಅಂದರೆ ಹೊಳಪಿನ ಅಳತೆ, 8.4; ಈ ಅಂಕಿ ಹೆಚ್ಚಾದಷ್ಟೂ ಮಸುಕು. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು, ನಡುವೆ ಒಂದು ಬಲ್ಬ್ ಹೊತ್ತಿದರೂ ಮತ್ತೆ ಮೊದಲಿನಿಂದ.

ಅದಕ್ಕಿಂತ ದೊಡ್ಡ ಉಪಕಾರ ನಿಮ್ಮ ಕಪ್ಪು ಫೋಮ್ ಚಾಪೆಯದು. ಜನವರಿಯ ಇಬ್ಬನಿಗೆ ದೂರದರ್ಶಕದ 10 ಸೆಂ.ಮೀ. ಮಸೂರ ಬೇಗ ಮಂಜಾಗುತ್ತದೆ. ತೆರೆದ ಆಕಾಶಕ್ಕೆ ಶಾಖ ಬಿಟ್ಟು ಗಾಜು ಸುತ್ತಲ ಗಾಳಿಗಿಂತ ತಣ್ಣಗಾಗುವುದೇ ಕಾರಣ. ಬಟ್ಟೆಯಲ್ಲಿ ಒರೆಸಿದರೆ ಲೇಪನಕ್ಕೆ ಗೀರು ಬೀಳುತ್ತದೆ. ಚಾಪೆಯನ್ನು ಕೊಳವೆಯಂತೆ ಸುತ್ತಿ, ಮಸೂರದಿಂದ 15 ಸೆಂ.ಮೀ. ಮುಂದಕ್ಕೆ ಚಾಚುವಂತೆ ಕಟ್ಟಿದ್ದೇ ಸರಿಯಾದ ಮದ್ದು.

ವೃಷಭ ರಾಶಿಯ ಕೊಂಬಿನ ತುದಿಯ ಝೀಟಾ ನಕ್ಷತ್ರದಿಂದ ಸುಮಾರು ಒಂದು ಡಿಗ್ರಿ ವಾಯವ್ಯಕ್ಕೆ, 50 ಪಟ್ಟು ವರ್ಧನೆಯಲ್ಲಿ, ಓರೆಗಣ್ಣಿಂದ ನೋಡಿದರೆ ಚಿಟಿಕೆ ಬೂದಿ ಊದಿದಂಥ ಮಸುಕು. "ಇಷ್ಟೇನಾ?" ಅಂದಿರಿ. ಕಾಣುವುದು ಅಷ್ಟೇ ಅಣ್ಣ. ಆದರೆ ಅದು 1054ರಲ್ಲಿ ಚೀನಾದವರು ಹಗಲಲ್ಲೇ ಕಂಡ ನಕ್ಷತ್ರ ಸ್ಫೋಟದ ಅವಶೇಷ. ಒಳಗೆ ಸುಮಾರು 20 ಕಿ.ಮೀ. ಅಗಲದ ನ್ಯೂಟ್ರಾನ್ ನಕ್ಷತ್ರ, ಅಂದರೆ ಸಿಡಿದ ನಕ್ಷತ್ರದ ಅತಿ ದಟ್ಟ ತಿರುಳು, ಸೆಕೆಂಡಿಗೆ 30 ಸಲ ತಿರುಗುತ್ತಿದೆ.

ಚಾಪೆಯ ನೀರು ಒರೆಸಿ ಮೂಟೆಗಳ ಪಕ್ಕ ಒಣಹಾಕಿದ್ದೇವೆ. ತುಂಬಾ ಧನ್ಯವಾದ.