ಅಭಿಪ್ರಾಯ ಆಮೇಲೆ ಹೇಳು, ಮರಿ

ಪ್ರೀತಿಯ ಮರಿ,

ನಿನ್ನ ಬರಹಗಳ ಕಟ್ಟು ತಲುಪಿತು. ಜೊತೆಗಿಟ್ಟ ಕಾಗದವನ್ನೂ ಓದಿದೆ. "ಕೊರಿಯಾ, ಚೀನಾ ಸೀರಿಯಲ್ ನೋಡಿ ಅನಿಸಿದ್ದನ್ನು ಬರೆಯೋದೂ ಒಂದು ಬರವಣಿಗೆನಾ ಅಂತ ಎಲ್ಲರ ಎದುರು ಕೇಳಿಬಿಟ್ಟರು ಮೇಡಂ, ಇನ್ನು ಬರೆಯಲ್ಲ" ಅಂದಿದ್ದೀಯ. ಕೇಳಿದವರು ಯಾರು ಅಂತ ನೀನು ಹೇಳಿಲ್ಲ, ನಾನೂ ಕೇಳುವುದಿಲ್ಲ. ಅಂಥವರು ನನಗೆ ಚೆನ್ನಾಗಿ ಗೊತ್ತು. ನಾನು ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿದಾಗ "ಸುಮ್ನೆ ಯಾಕಮ್ಮ ಇದೆಲ್ಲ, ಕಾದಂಬರಿ ಬಗ್ಗೆ ಬರಿ" ಅನ್ನುತ್ತಿದ್ದರು. ಈಗ ಅವರೇ ಸಿನಿಮಾ ಗೋಷ್ಠಿಗಳಲ್ಲಿ ಅಧ್ಯಕ್ಷರು. ನಾಳೆ ಕೆ-ಡ್ರಾಮಾ ಗೋಷ್ಠಿಗೂ ಅವರೇ ಅಧ್ಯಕ್ಷರಾಗುತ್ತಾರೆ, ನೋಡ್ತಾ ಇರು.

ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ಕತೆ ಎಷ್ಟು ಬಿಟ್ಟುಕೊಡಬಹುದು ಅಂತೆಲ್ಲ ಕೇಳಿದ್ದೀಯ. ಅದೆಲ್ಲ ಬರೆಯುತ್ತಾ ಬರೆಯುತ್ತಾ ಗೊತ್ತಾಗುತ್ತೆ, ಬಿಡು. ನನ್ನ ತಲೆಯಲ್ಲಿರುವುದು ಒಂದೇ ಹುಚ್ಚು. ನೀನು ಏನು ನೋಡಿದೆ ಅಂತ ಮೊದಲು ಹೇಳು. ಏನನಿಸಿತು ಅನ್ನುವುದು ಆಮೇಲೆ.

ನಿನ್ನ ಕಟ್ಟಿನಲ್ಲಿ "ಮನಕಲಕುವ" ಅನ್ನುವ ಮಾತು ಪುಟಕ್ಕೊಂದು ಇದೆ. "ಕಣ್ಣಂಚು ಒದ್ದೆಯಾಯಿತು" ಅನ್ನುವುದು ಅದಕ್ಕಿಂತ ಜಾಸ್ತಿ. ನಿನ್ನ ಕಣ್ಣಂಚು ಒದ್ದೆಯಾದರೆ ನನಗೇನಮ್ಮ? ಯಾವುದನ್ನು ನೋಡಿ ಆಯಿತು ಅಂತ ತೋರಿಸು. ನನ್ನದೂ ಆಗುವುದಿದ್ದರೆ ಆಗಲಿ.

ನಿನಗೆ ತೋರಿಸಲು ಬರುವುದಿಲ್ಲ ಅಂತಲ್ಲ. ಬರದಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ‘ರಿಪ್ಲೈ 1988’ ಅನ್ನುವ ಕೊರಿಯಾ ಧಾರಾವಾಹಿಯ ಮೊದಲ ಕಂತಿನ ಹುಟ್ಟುಹಬ್ಬದ ಬಗ್ಗೆ ಬರೆದಿದ್ದೀಯಲ್ಲ, ಆ ಒಂದು ಪ್ಯಾರಾಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ. ಅಕ್ಕ ಬೋರಾಳ ಹುಟ್ಟುಹಬ್ಬ, ಅದರ ಬೆನ್ನಿಗೇ ತಂಗಿ ಡೊಕ್‌ಸನ್‌ದು. ಅಪ್ಪ ಅಮ್ಮ ಎರಡಕ್ಕೂ ಒಂದೇ ಕೇಕ್ ತರುತ್ತಾರೆ. ಅಕ್ಕ ಊದಿದ ಮೇಲೆ ಒಂದೆರಡು ಮೇಣದಬತ್ತಿ ಕಿತ್ತು, ಉಳಿದವನ್ನೇ ಮತ್ತೆ ಹಚ್ಚಿ ತಂಗಿಯ ಮುಂದೆ ಇಡುತ್ತಾರೆ. ಈ ಸಲ ಹೀಗೆ ಮಾಡಬೇಡಿ ಅಂತ ಅವಳು ಮೊದಲೇ ಹೇಳಿರುತ್ತಾಳೆ. ಮೊಟ್ಟೆ ಅಕ್ಕನಿಗೆ ಮತ್ತು ತಮ್ಮನಿಗೆ, ಕೋಳಿಕಾಲೂ ಅವರಿಗೇ, ನಡುವಿನವಳು ಅಂದರೆ ಯಾರಿಗೂ ಲೆಕ್ಕಕ್ಕಿಲ್ಲವಾ ಅಂತ ಅವಳು ಬಾಯಿಬಿಟ್ಟು ಅಳುತ್ತಾಳೆ. "ಅರ್ಧ ಉರಿದ ಬತ್ತಿಗಳು" ಅಂತ ಬರೆದಿದ್ದೀಯ ನೋಡು, ಅಲ್ಲಿ ನೀನು ಬರಹಗಾರ್ತಿ. ಮರುಸಾಲಿನಲ್ಲೇ "ಕೌಟುಂಬಿಕ ಮೌಲ್ಯಗಳನ್ನು ಎತ್ತಿಹಿಡಿಯುವ ಧಾರಾವಾಹಿ" ಅಂತ ಬರೆದು ಕೆಡಿಸಿದೆ. ಯಾವ ಮೌಲ್ಯ? ಆ ಮನೆಯಲ್ಲಿ ಒಂದು ಮಗುವಿಗೆ ಅನ್ಯಾಯ ಆಗುತ್ತಿದೆ ಅಂತ ಈಗಷ್ಟೇ ನೀನೇ ತೋರಿಸಿದೆಯಲ್ಲ! ಅಪ್ಪ ಬೇರೆ ಕೇಕ್ ತಂದು, ನಾನೂ ಹುಟ್ಟುತ್ತಲೇ ಅಪ್ಪನಾಗಿರಲಿಲ್ಲ, ನನಗೂ ಇದು ಮೊದಲನೇ ಸಲ ಅನ್ನುತ್ತಾನೆ. ಅವನು ತಪ್ಪು ಮಾಡಿದ್ದಕ್ಕೇ ಆ ಮಾತಿಗೆ ಅಷ್ಟು ತೂಕ.

ಅದೇ ಮನೆಯ ವಿಚಾರ ಇನ್ನೊಂದಿದೆ. ಡೊಕ್‌ಸನ್ ಮನೆಯವರು ಇರುವುದು ಅರ್ಧ ನೆಲದೊಳಗಿರುವ ಬಾಡಿಗೆ ಮನೆಯಲ್ಲಿ. ಅಪ್ಪನಿಗೆ ಬ್ಯಾಂಕ್ ಕೆಲಸ ಇದೆ. ಆದರೆ ಸ್ನೇಹಿತನ ಸಾಲಕ್ಕೆ ಜಾಮೀನು ನಿಂತು ಸಂಬಳವೆಲ್ಲ ಅಲ್ಲಿಗೇ ಹೋಗುತ್ತದೆ. ನಿನ್ನ ಕಟ್ಟಿನಲ್ಲಿ ನಾಲ್ಕು ಹಾಳೆ ಆದಮೇಲೆ ಕೊರಿಯಾದ ‘ಪ್ಯಾರಸೈಟ್’ ಸಿನಿಮಾ ಬಗ್ಗೆ ಲೇಖನ ಇದೆ. ಅಲ್ಲೂ ಅದೇ ಥರದ ಮನೆ. ಕಮೋಡ್ ಮನೆಗೆಲ್ಲ ಎತ್ತರದ ಕಟ್ಟೆಯ ಮೇಲೆ, ಬಹುತೇಕ ಚಾವಣಿಗೆ ತಾಗುವ ಹಾಗೆ. ಮಳೆ ಬಂದ ರಾತ್ರಿ ಚರಂಡಿ ನೀರು ಅದರೊಳಗಿಂದಲೇ ಉಕ್ಕುತ್ತದೆ. ಮಗಳು ಮುಚ್ಚಳದ ಮೇಲೆ ಕೂತು ಸಿಗರೇಟು ಹಚ್ಚುತ್ತಾಳೆ. ಒಂದು ಕಡೆ ಅಕ್ಕಪಕ್ಕದವರು ಊಟದ ಹೊತ್ತಿಗೆ ತಟ್ಟೆ ಕಳಿಸುವ ಬೆಚ್ಚಗಿನ ಮನೆ, ಇನ್ನೊಂದು ಕಡೆ ಇದು. ನೀನು ಮೊದಲನೆಯದನ್ನು "ಹಿತವಾದ ಹಳೆಯ ದಿನಗಳು" ಅಂದೆ, ಎರಡನೆಯದನ್ನು "ವರ್ಗ ಸಂಘರ್ಷ" ಅಂದೆ. ಎರಡೂ ಒಂದೇ ಥರದ ಮನೆ ಅನ್ನುವುದು ಕಣ್ಣಿಗೆ ಬೀಳಲಿಲ್ಲ. ಆ ಮನೆಗಳ ಹುಟ್ಟೇ ವಿಚಿತ್ರ. 1970ರಲ್ಲಿ, ಉತ್ತರ ಕೊರಿಯಾದ ಭಯದಲ್ಲಿ, ಮನೆ ಕಟ್ಟುವವರು ಕೆಳಗೆ ಅಡಗುವ ಜಾಗವನ್ನೂ ಕಟ್ಟಬೇಕು ಅಂತ ಕಾನೂನಾಯಿತು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ತುಂಬಿ ತುಳುಕಿದಾಗ ಅವೇ ಬಡವರ ಬಾಡಿಗೆ ಮನೆಗಳಾದವು. 2022ರ ಆಗಸ್ಟ್ ಮಳೆಯಲ್ಲಿ ಅಂಥ ಒಂದು ಮನೆಯಲ್ಲಿ ಒಂದೇ ಕುಟುಂಬದ ಮೂವರು ನೀರಲ್ಲಿ ಮುಳುಗಿ ಸತ್ತರು. ಇಷ್ಟು ಗೊತ್ತಿದ್ದು ‘ರಿಪ್ಲೈ 1988’ರ ಆ ಕಿಟಕಿಯನ್ನು ಇನ್ನೊಂದು ಸಲ ನೋಡು. ಧಾರಾವಾಹಿ ಯಾವುದನ್ನು ಬೆಚ್ಚಗೆ ಹೊದಿಸಿ ಮುಚ್ಚಿದೆ ಅಂತ ಆಗ ಬರೆಯಲು ಆಗುತ್ತದೆ. ಅಷ್ಟಾದರೂ ಅದು ನನಗೆ ತುಂಬಾ ಇಷ್ಟ, ಅದು ಬೇರೆ ಮಾತು.

ನನಗೆ ಯಾಕೆ ಇಷ್ಟು ಸಿಟ್ಟು ಅಂತ ನಿನಗನಿಸಬಹುದು. ಹಳೆಯ ಗಾಯ ಅದು. ಒಂದು ವಾರಪತ್ರಿಕೆಗೆ ನಾನು ಸಿನಿಮಾ ಅಂಕಣ ಬರೆಯುತ್ತಿದ್ದೆ. ಅಲ್ಲಿನ ಸಂಪಾದಕರಿಗೆ ಜಾಗ ಯಾವಾಗಲೂ ಕಮ್ಮಿ. ನಾನು ದೃಶ್ಯ ವಿವರಿಸಿದ ಸಾಲುಗಳನ್ನೆಲ್ಲ ಹೊಡೆದುಹಾಕಿ, "ಅಮೋಘ ನಟನೆ, ಬಿಗಿಯಾದ ನಿರೂಪಣೆ" ಮಾತ್ರ ಉಳಿಸುತ್ತಿದ್ದರು. ಹಲಸಿನಹಣ್ಣಿನ ತೊಳೆ ಬಿಸಾಕಿ ಸಿಪ್ಪೆ ಕಟ್ಟಿಕೊಟ್ಟ ಹಾಗೆ. ಕೇಳಿದರೆ "ಓದುಗರಿಗೆ ತೀರ್ಪು ಬೇಕಮ್ಮ, ವರ್ಣನೆ ಅಲ್ಲ" ಅನ್ನುತ್ತಿದ್ದರು. ಅವರ ಮೇಲಿನ ಕೋಪ ನನಗೆ ಇನ್ನೂ ಹೋಗಿಲ್ಲ. ಹೋಗುವುದೂ ಬೇಡ, ಅದರಿಂದ ನನಗೆ ಉಪಯೋಗ ಇದೆ.

ಈಗ ‘ಟು ಲಿವ್’. ಚೀನಾದ ನಿರ್ದೇಶಕ ಝಾಂಗ್ ಯಿಮೌ 1994ರಲ್ಲಿ ಮಾಡಿದ ಚಿತ್ರ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗೆ ಯೌ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು, ಚೀನಾದಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ಇದೆಲ್ಲ ಬರೆದಿದ್ದೀಯ, ಸರಿ. ಆಮೇಲೆ "ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯವನ್ನು ನಿರ್ದೇಶಕರು ದಿಟ್ಟವಾಗಿ ಬಿಚ್ಚಿಟ್ಟಿದ್ದಾರೆ" ಅಂದಿದ್ದೀಯ. ಈ ಸಾಲು ಬರೆಯಲು ಚಿತ್ರ ನೋಡಲೇಬೇಕಾಗಿಲ್ಲ. ಬನ್ ಎಲ್ಲಿ ಹೋಯಿತು? ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆ. ಮಾವೋ ಕಾಲದ ಆ ಕ್ರಾಂತಿಯಲ್ಲಿ ದೊಡ್ಡ ಡಾಕ್ಟರರನ್ನೆಲ್ಲ ಅದರ ವಿರೋಧಿಗಳು ಅಂತ ಹಿಡಿದು ಹಾಕಿದ್ದಾರೆ. ಅಲ್ಲಿರುವುದು ಓದುತ್ತಿರುವ ಹುಡುಗಿಯರು ಮಾತ್ರ. ಮನೆಯವರು ಉಪಾಯ ಮಾಡಿ ಒಬ್ಬ ಪ್ರೊಫೆಸರನ್ನು ಕರೆತರುತ್ತಾರೆ. ಅವನು ಹಸಿದು ಕಂಗಾಲಾಗಿದ್ದಾನೆ. ಪಾಪ ಅಂತ ಹಬೆಯಲ್ಲಿ ಬೇಯಿಸಿದ ಬನ್ ತಂದು ಕೊಡುತ್ತಾರೆ. ಏಳು ಬನ್‌ಗಳನ್ನೂ ತಿಂದುಬಿಡುತ್ತಾನೆ. ಗಂಟಲಿಗೆ ಸಿಕ್ಕಿಕೊಂಡಿತು ಅಂತ ನೀರು ಕೊಡುತ್ತಾರೆ, ಬನ್ ಹೊಟ್ಟೆಯಲ್ಲಿ ಉಬ್ಬುತ್ತದೆ. ಒಳಗೆ ರಕ್ತ ನಿಲ್ಲುತ್ತಿಲ್ಲ, ಹೊರಗೆ ಡಾಕ್ಟರಿಗೆ ಏಳಲು ಆಗುತ್ತಿಲ್ಲ. ನಗು ಬರುವ ಹಾಗೆ ಶುರುವಾಗಿ ಹುಡುಗಿ ಸಾಯುವಲ್ಲಿಗೆ ಮುಗಿಯುತ್ತದೆ. ಅವಳನ್ನು ಕೊಂದದ್ದರಲ್ಲಿ ಅಪ್ಪನ ದಯೆಯೂ ಸೇರಿಕೊಂಡಿತು. ವರ್ಷಗಳಾದ ಮೇಲೂ ಅವನು ಸಮಾಧಿಯ ಹತ್ತಿರ ಕೂತು, ನೀರು ಕೊಡಬಾರದಿತ್ತು ಅಂತ ಲೆಕ್ಕ ಹಾಕುತ್ತಾನೆ. ದೇಶ ಮಾಡಿದ ತಪ್ಪನ್ನು ಒಂದು ಲೋಟ ನೀರಿನ ಮೇಲೆ ಹಾಕಿಕೊಂಡು ಬದುಕುವ ಮನುಷ್ಯ ಅವನು. ನಿನ್ನ "ದಿಟ್ಟವಾಗಿ"ಯಲ್ಲಿ ಇದು ಎಲ್ಲಿದೆ ಹೇಳು.

ಚೀನಾ ಧಾರಾವಾಹಿಗಳು ಎಳೆಯುತ್ತವೆ ಅನ್ನುವುದು ನಿನ್ನ ಇನ್ನೊಂದು ದೂರು. ‘ಎಂಪ್ರೆಸಸ್ ಇನ್ ದ ಪ್ಯಾಲೆಸ್’ 76 ಕಂತು, ನಿಜ. ಆದರೆ ನಾಯಕಿ ಝೆನ್ ಹ್ವಾನ್ ತಿಳಿಯದೆ ಸತ್ತುಹೋದ ಮಹಾರಾಣಿಯ ಉಡುಪು ಉಟ್ಟು ಬಂದಾಗ, ಚಕ್ರವರ್ತಿ ಇಷ್ಟು ದಿನ ಪ್ರೀತಿಸಿದ್ದು ತನ್ನಲ್ಲಿರುವ ಆ ಇನ್ನೊಬ್ಬಳ ಹೋಲಿಕೆಯನ್ನು ಅಂತ ಗೊತ್ತಾದಾಗ, ನಿನಗೂ ಹೊಟ್ಟೆಯಲ್ಲಿ ಏನೋ ಕುಸಿಯಿತಲ್ವಾ? ಅಷ್ಟು ಕಂತು ನೀನೂ ಆ ಪ್ರೀತಿಯನ್ನು ನಂಬಿಕೊಂಡು ಕೂತಿದ್ದಕ್ಕೆ ಹಾಗಾಯಿತು. ಎರಡು ಗಂಟೆಯ ಸಿನಿಮಾದಲ್ಲಿ ಅದು ಆಗುತ್ತಿರಲಿಲ್ಲ. ಅಂದಹಾಗೆ, ಝೆನ್ ಹ್ವಾನ್ ಆಗಿ ನಟಿಸಿದ ಸುನ್ ಲಿ ದನಿಯನ್ನು ನೀನು ಹೊಗಳಿದ್ದೀಯ. ಆ ದನಿ ಅವಳದಲ್ಲ, ಜಿ ಗ್ವಾನ್‌ಲಿನ್ ಅನ್ನುವ ಡಬ್ಬಿಂಗ್ ಕಲಾವಿದೆಯದು. ಅಲ್ಲಿ ಇದು ಮಾಮೂಲಿ, ದೊಡ್ಡ ದೊಡ್ಡ ನಟರ ಪಾತ್ರಗಳಿಗೂ ಬೇರೆಯವರ ದನಿ ಇರುತ್ತದೆ. ಹೊಗಳಿದ್ದನ್ನು ಹೊಡೆಯಬೇಡ. ಕಿವಿಗೆ ಬಿದ್ದದ್ದು ಸರಿಯಾಗಿಯೇ ಇದೆ, ಹೆಸರು ಮಾತ್ರ ಬದಲಿಸು.

ಕೊರಿಯಾ ನಿರ್ದೇಶಕ ಲೀ ಚಾಂಗ್-ಡೊಂಗ್‌ನ ‘ಪೊಯಟ್ರಿ’ ನೋಡಿದ್ದೀಯಾ? ನಿನ್ನ ಕಟ್ಟಿನಲ್ಲಿ ಇಲ್ಲ. 2010ರ ಚಿತ್ರ, ಕಾನ್‌ನಲ್ಲಿ ಚಿತ್ರಕತೆಗೆ ಪ್ರಶಸ್ತಿ ಪಡೆದದ್ದು. ಅರವತ್ತು ದಾಟಿದ ಮಿಜಾ ಕವಿತೆ ಬರೆಯಲು ಕಲಿಯುವ ತರಗತಿಗೆ ಸೇರುತ್ತಾಳೆ. ಮೇಷ್ಟ್ರು ಒಂದು ಸೇಬು ಹಿಡಿದು, ನೀವ್ಯಾರೂ ಇದನ್ನು ಒಂದು ಸಲವೂ ನೋಡಿಲ್ಲ ಅನ್ನುತ್ತಾರೆ. ಮಿಜಾ ಮನೆಗೆ ಬಂದು ಸೇಬನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಕೊನೆಗೆ, ಇದು ನೋಡುವುದಕ್ಕಿಂತ ತಿನ್ನುವುದಕ್ಕೇ ಚೆನ್ನ ಅಂತ ಹೆಚ್ಚಿ ತಿಂದುಬಿಡುತ್ತಾಳೆ. ಅಷ್ಟಕ್ಕೇ ನಿಂತಿದ್ದರೆ ಅದೊಂದು ಮುದ್ದಾದ ಸಿನಿಮಾ ಆಗುತ್ತಿತ್ತು. ಆದರೆ ಅವಳ ಮೊಮ್ಮಗ ಮತ್ತು ಅವನ ಗೆಳೆಯರು ಸೇರಿ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ್ದಾರೆ. ಆ ಹುಡುಗಿ ನದಿಗೆ ಹಾರಿದ್ದಾಳೆ. ಉಳಿದ ಹುಡುಗರ ಅಪ್ಪಂದಿರು ದುಡ್ಡು ಕೊಟ್ಟು ಮುಗಿಸಲು ನೋಡುತ್ತಾರೆ, ಒಬ್ಬೊಬ್ಬರಿಗೆ 50 ಲಕ್ಷ ವನ್ (ಕೊರಿಯಾದ ಹಣ). ಸತ್ತವಳ ತಾಯಿಯ ಹತ್ತಿರ ಮಾತಾಡಲು ಮಿಜಾಳನ್ನು ಕಳಿಸುತ್ತಾರೆ. ದಾರಿಯಲ್ಲಿ ಏಪ್ರಿಕಾಟ್ ಹಣ್ಣು ಉದುರಿ ಬಿದ್ದಿವೆ. ಒಂದನ್ನು ಎತ್ತಿ ಕಚ್ಚುತ್ತಾಳೆ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾಳೆ. ಹೊಲದಲ್ಲಿ ಆ ತಾಯಿ ಸಿಕ್ಕಾಗ ಹಣ್ಣಿನ ಬಗ್ಗೆ, ಹವೆಯ ಬಗ್ಗೆ ಸಂತೋಷವಾಗಿ ಮಾತಾಡಿ ಹೊರಟುಬಿಡುತ್ತಾಳೆ. ನಾಲ್ಕು ಹೆಜ್ಜೆ ಹೋದಮೇಲೆ ತಾನು ಬಂದದ್ದು ಯಾಕೆ ಅಂತ ನೆನಪಾಗುತ್ತದೆ. ಆ ಮುಖ ನೋಡು. ಮರೆವಿನ ಕಾಯಿಲೆ ಶುರುವಾಗಿದೆ ಅನ್ನುವುದೂ ಅಲ್ಲಿದೆ, ಚಂದದ್ದನ್ನು ನೋಡುತ್ತಾ ಮುಖ್ಯವಾದದ್ದನ್ನು ಮರೆತ ನಾಚಿಕೆಯೂ ಅಲ್ಲಿದೆ. ಯಾವುದು ಎಷ್ಟು ಅಂತ ಲೀ ಹೇಳುವುದಿಲ್ಲ. ಯೂನ್ ಜಂಗ್-ಹೀ ಎಷ್ಟೋ ವರ್ಷ ಸಿನಿಮಾ ಬಿಟ್ಟಿದ್ದವರು ಮಿಜಾ ಪಾತ್ರಕ್ಕೆ ಮರಳಿ ಬಂದರು. ಕೊನೆಗೆ ಅದೇ ಮರೆವಿನ ಕಾಯಿಲೆ ಅವರಿಗೂ ಬಂದು 2023ರಲ್ಲಿ ತೀರಿಕೊಂಡರು. ಈ ಚಿತ್ರ ನೋಡದೆ ನನಗೆ ಮುಂದಿನ ಕಟ್ಟು ಕಳಿಸಬೇಡ.

ನಿನ್ನ ‘ಮೈ ಮಿಸ್ಟರ್’ ಲೇಖನವನ್ನು ಮಾತ್ರ ವಾಪಸ್ ಕಳಿಸುತ್ತಿಲ್ಲ, ಅದರ ಮೇಲೆ ಜಗಳ ಇದೆ. ಕಿವಿ ಕೇಳದ ಅಜ್ಜಿಯನ್ನು ಸೂಪರ್‌ಮಾರ್ಕೆಟ್ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಚಂದ್ರನನ್ನು ತೋರಿಸಲು ಹೋಗುವ ಜಿಯಾನ್ ಬಗ್ಗೆ ಚೆನ್ನಾಗಿ ಬರೆದೆ. ಸಾಲ ವಸೂಲಿಯ ಹುಡುಗ ಅವಳನ್ನು ಹೊಡೆಯುವ ದೃಶ್ಯ ಬಂದಾಗ "ಕೆಲವರು ಆಕ್ಷೇಪಿಸಿದರು, ಕೆಲವರು ಸಮರ್ಥಿಸಿದರು" ಅಂತ ಜಾರಿಕೊಂಡೆ. ಅವರಿವರು ಇರಲಿ, ನೀನೆಲ್ಲಿದ್ದೆ? ನನಗಂತೂ ಆ ದೃಶ್ಯ ಇವತ್ತಿಗೂ ಒಗ್ಗಿಲ್ಲ. ಧಾರಾವಾಹಿಯನ್ನು ಇಷ್ಟಪಡುತ್ತಲೇ ಈ ಮಾತು ಹೇಳುತ್ತಿದ್ದೇನೆ. ಮೊದಲ ಕಂತು ಮತ್ತೆ ಹಾಕಿ ನೋಡಿ, ಒಂದು ಕಡೆ ನಿಂತು ಬರೆದು ಕಳಿಸು. ನಾನು ಮುಂದಿನ ವಾರ ಮಗಳ ಮನೆಗೆ ಹೋಗುತ್ತಿದ್ದೇನೆ, ಆದ್ದರಿಂದ ಅವಸರ ಏನಿಲ್ಲ.

ಇಂತಿ,
ನಿನ್ನ ಮೇಡಂ