ಮೈದಾನಕ್ಕೆ ದುಡ್ಡಿದೆ, ಹುಡುಗರ ಬೆನ್ನಿಗೆ ನಿಲ್ಲುವವರಿಗಿಲ್ಲ: ಸಂಸದ ಶ್ರೀ ಥಾಣೇದಾರ್ ಅವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಥಾಣೇದಾರ್ ಸಾಹೇಬರಿಗೆ ನಮಸ್ಕಾರಗಳು.

ನಾನು ಬೈಲಹೊಂಗಲದ ಕಡೆಯವನು. ಇಪ್ಪತ್ತೆರಡು ವರ್ಷದಿಂದ ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಕಾರಿನ ಬ್ರೇಕುಗಳ ಕೆಲಸ ನನ್ನ ಹೊಟ್ಟೆಪಾಡು. ಮನೆ ನೊವೈಯಲ್ಲಿರುವುದರಿಂದ ನನ್ನ ಮತ ಅಮೆರಿಕದ ಸಂಸತ್ತಿಗೆ ನಿಮ್ಮನ್ನು ಕಳಿಸಿದ ಕ್ಷೇತ್ರದಲ್ಲಿಲ್ಲ. ಆದರೆ ವಾರಕ್ಕೆರಡು ಸಂಜೆ ನಾನು ಯಾವ ಹುಡುಗರ ಜೊತೆ ಕೂರುತ್ತೇನೋ ಅವರು ನಿಮ್ಮವರು, ಡೆಟ್ರಾಯಿಟ್‌ನ ಈಸ್ಟ್ ಸೈಡ್‌ನವರು. ಅವರಲ್ಲಿ ಬಹುಪಾಲು ಜನಕ್ಕೆ ಇನ್ನೂ ಮತದ ವಯಸ್ಸಾಗಿಲ್ಲ. ಅವರ ಪರವಾಗಿ ಈ ಪತ್ರ.

ಕನ್ನಡದಲ್ಲಿ ಬರೆಯಲು ಕಾರಣ ಎರಡು. ನೀವು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಮನೆಮಾತು ಮರಾಠಿಯಾದರೂ ಆ ಊರಿನ ಬೀದಿಗಳಲ್ಲಿ ಓಡಾಡಿದವರ ಕಿವಿಗೆ ಕನ್ನಡ ಹೊಸದಲ್ಲ. ಎರಡನೆಯದು, ನಿಮಗೆ ಹೇಳುವ ಮಾತಿನಲ್ಲಿ ಅರ್ಧ ಮಿಷಿಗನ್‌ನ ಕನ್ನಡಿಗರಿಗೂ ಸೇರಿದ್ದು. ಅವರೂ ಓದಲಿ ಎಂಬ ಆಸೆ. ಇದೇ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ.

ವಿಷಯ ಬೇಸ್‌ಬಾಲ್.

ಏಳು ವರ್ಷದ ಹಿಂದೆ ಆಫೀಸಿನ ಗೆಳೆಯರೊಬ್ಬರು "ಹುಡುಗರಿಗೆ ಆಲ್ಜೀಬ್ರಾ ಹೇಳಿಕೊಡುವವರು ಬೇಕು" ಎಂದು ಕರೆದುಕೊಂಡು ಹೋದರು. ಬೇಸ್‌ಬಾಲ್ ಹೇಗೆ ಆಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಜನವರಿ ತಿಂಗಳು, ಹೊರಗೆ ಮೊಣಕಾಲುದ್ದ ಹಿಮ. ಶಾಲೆಯೊಂದರ ಜಿಮ್‌ನ ಅರ್ಧ ಭಾಗಕ್ಕೆ ಬಲೆ ಕಟ್ಟಿದ್ದರು. ಬಲೆಯೊಳಗೆ ಒಬ್ಬ ಬ್ಯಾಟ್ ಬೀಸುತ್ತಿದ್ದ. ಇನ್ನರ್ಧದಲ್ಲಿ ಹತ್ತು ಹನ್ನೆರಡು ಹುಡುಗರು ನೆಲಕ್ಕೆ ಉರುಳಿಸಿದ ಚೆಂಡನ್ನು ಬಗ್ಗಿ ಹಿಡಿಯುವುದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು. ಮರದ ನೆಲದ ಮೇಲೆ ಚೆಂಡು ಪುಟಿಯುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮೂಲೆಯಲ್ಲೊಬ್ಬ ಗ್ಲೋವ್ ಕೈಗೆ ಹಾಕಿಕೊಳ್ಳುವುದು, ತೆಗೆಯುವುದು ಮಾಡುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಅದು ಎಡಗೈಯಲ್ಲಿ ಎಸೆಯುವವರ ಗ್ಲೋವ್, ಬಲಗೈಗೆ ಹಾಕುವಂಥದ್ದು. ಇವನು ಬಲಗೈಯವನು. ದೇಣಿಗೆಯ ಡಬ್ಬಿಯಲ್ಲಿ ಉಳಿದಿದ್ದದ್ದು ಅದೊಂದೇ. ಅವನು ಯಾರಿಗೂ ಹೇಳಿರಲಿಲ್ಲ. ಎರಡು ವಾರ ಅದರಲ್ಲೇ ಹಿಡಿಯಲು ಕಲಿಯುತ್ತಿದ್ದನಂತೆ.

ಆ ಸಂಜೆಯಿಂದ ನಾನು ಬಿಟ್ಟಿಲ್ಲ.

ಈಗ ಆ ಕೆಲಸದಲ್ಲಿ ಏನೇನಿದೆ ಎಂದು ಹೇಳುತ್ತೇನೆ. "ಮಕ್ಕಳಿಗೆ ಮಾರ್ಗದರ್ಶನ" ಎಂದರೆ ಜನ ಭಾಷಣ ಎಂದುಕೊಳ್ಳುತ್ತಾರೆ. ನಮ್ಮ ಹುಡುಗರು ಶಾಲೆ ಬಿಟ್ಟು ಗ್ರಾಷಿಯಟ್ ರಸ್ತೆಯ ಬಸ್ಸು ಕಾಯಬೇಕು. ಬಸ್ಸು ಬಾರದಿದ್ದರೆ ಅಭ್ಯಾಸ ತಪ್ಪಿತು. ಹಾಗಾಗಿ ಮೊದಲ ಕೆಲಸ ವ್ಯಾನ್ ಓಡಿಸುವುದು. ಎರಡನೆಯದು ಊಟ, ಮಧ್ಯಾಹ್ನ ಹನ್ನೊಂದಕ್ಕೆ ಶಾಲೆಯಲ್ಲಿ ಉಂಡವನು ಸಂಜೆ ಐದಕ್ಕೆ ಓಡಲಾರ. ಮೂರನೆಯದು ಲೆಕ್ಕ, ಇಂಗ್ಲಿಷ್. ಇಷ್ಟಾದ ಮೇಲೆ ಆಟ. ಇದರ ನಡುವೆ ಹುಡುಗನೊಬ್ಬನ ಅಜ್ಜಿಯ ಫೋನು, ಶಾಲೆಯ ಕೌನ್ಸೆಲರ್‌ಗೆ ಇಮೇಲು, ಒಮ್ಮೊಮ್ಮೆ ಆಸ್ಪತ್ರೆ, ಒಮ್ಮೊಮ್ಮೆ ಕೋರ್ಟು. ಎಲ್ಲಕ್ಕಿಂತ ಮುಖ್ಯ, ಈ ವರ್ಷ ಬಂದವರು ಮುಂದಿನ ವರ್ಷವೂ ಬರಬೇಕು. ಈ ಹುಡುಗರು ದೊಡ್ಡವರು ಬಂದು ಹೋಗುವುದನ್ನು ಬಹಳ ನೋಡಿದ್ದಾರೆ. ಮೊದಲ ವರ್ಷ ನನ್ನ ಹೆಸರು ಕೇಳಿದವರೇ ಕಡಿಮೆ. ಎರಡನೇ ಚಳಿಗಾಲದಲ್ಲೂ ಅದೇ ಬಾಗಿಲಿನಿಂದ ಒಳಗೆ ಬಂದಾಗ ಒಬ್ಬ "ನೀವು ಮತ್ತೆ ಬಂದ್ರಾ?" ಎಂದ. ಅಲ್ಲಿಂದ ಮಾತು ಶುರುವಾಯಿತು.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಅವನ ಹೆಸರು ಬೇಡ, ನಮ್ಮ ಕ್ಯಾಚರ್ ಎನ್ನುತ್ತೇನೆ. ಬ್ಯಾಟ್ಸ್‌ಮನ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಪಿಚರ್ (ನಮ್ಮ ಬೌಲರ್ ಹಾಗೆ) ಎಸೆದದ್ದನ್ನು ಹಿಡಿಯುವವನು, ನಮ್ಮ ವಿಕೆಟ್ ಕೀಪರ್ ಹಾಗೆ. ಆದರೆ ಪ್ರತಿ ಎಸೆತಕ್ಕೂ ಬೆರಳಿನಲ್ಲಿ ಸನ್ನೆ ಮಾಡಿ ಯಾವ ಚೆಂಡು ಎಸೆಯಬೇಕೆಂದು ಹೇಳುವವನೂ ಅವನೇ. ಇಡೀ ಆಟ ಅವನ ತಲೆಯಲ್ಲಿರಬೇಕು. ನಮ್ಮ ಕ್ಯಾಚರ್‌ನ ತಲೆಯಲ್ಲಿತ್ತು. ಹನ್ನೊಂದನೇ ತರಗತಿ ಮುಗಿಯುವಾಗ ದೊಡ್ಡ ಕಾಲೇಜೊಂದರ ಕೋಚ್ ಬಂದು ನೋಡಿ ಅಂಕಪಟ್ಟಿ ಕೇಳಿದರು. ಆವತ್ತು ಎಲ್ಲರಿಗೂ ಪಿಜ್ಜಾ ಕೊಡಿಸಿದ್ದೆವು.

ಕಾಲೇಜು ಕ್ರೀಡೆಯ ಮೊದಲ ದರ್ಜೆಗೆ ಸೇರಲು ಎನ್‌ಸಿಎಎ ಸಂಸ್ಥೆಯ ನಿಯಮವಿದೆ. ಹೈಸ್ಕೂಲಿನ ನಾಲ್ಕು ವರ್ಷಗಳಲ್ಲಿ 16 ಮುಖ್ಯ ವಿಷಯಗಳು, ಅವುಗಳಲ್ಲಿ 4ಕ್ಕೆ ಸರಾಸರಿ 2.3. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು: ಆ 16ರಲ್ಲಿ 10 ವಿಷಯ ಹನ್ನೆರಡನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು. ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನವೇ ಆಗಿರಬೇಕು. ಆಮೇಲೆ ಆ ಹತ್ತರ ಅಂಕ ತಿದ್ದಿಕೊಳ್ಳುವ ಹಾಗಿಲ್ಲ. ನಮ್ಮ ಕ್ಯಾಚರ್ ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ಫೇಲಾಗಿದ್ದ. ಆ ವರ್ಷ ಅವರಮ್ಮ ಮನೆ ಮೂರು ಸಲ ಬದಲಿಸಿದ್ದರು. ಶಾಲೆ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕೆಲವೇ ವಾರಗಳಲ್ಲಿ ಆ ವಿಷಯ ಪಾಸು ಮಾಡಿಸಿತು. ಹೈಸ್ಕೂಲು ಮುಗಿಸಲು ಅದು ಸಾಕು. ಆದರೆ ಎನ್‌ಸಿಎಎ ಆ ಬಗೆಯ ಎಲ್ಲ ಕೋರ್ಸುಗಳನ್ನೂ ಒಪ್ಪುವುದಿಲ್ಲ. ಅವನದನ್ನು ಒಪ್ಪಲಿಲ್ಲ. ನಮಗೆ ತಿಳಿದದ್ದು ಹನ್ನೆರಡನೇ ತರಗತಿಯ ಅಕ್ಟೋಬರಿನಲ್ಲಿ.

ಜಿಮ್‌ನ ಮೆಟ್ಟಿಲ ಮೇಲೆ ಕೂತು ಅವನು ಆ ಹಾಳೆಯನ್ನು ಬೆರಳಿಟ್ಟು ಓದಿದ. ಒಂದು ಸಾಲಿನ ಮೇಲೆ ಬೆರಳು ನಿಂತಿತು. "ಇದು ನಾನು ಹದಿನಾಲ್ಕು ವರ್ಷದವನಿದ್ದಾಗಿನದು" ಎಂದ. ಬೇರೇನೂ ಹೇಳಲಿಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ಎರಡು ವರ್ಷ ಅವನಿಗೆ ಆಲ್ಜೀಬ್ರಾ ಹೇಳಿಕೊಟ್ಟ ನಾನು ಒಮ್ಮೆಯೂ ಅವನ ಅಂಕಪಟ್ಟಿ ಪೂರ್ತಿ ತರಿಸಿ ನೋಡಿರಲಿಲ್ಲ. ನಮ್ಮಲ್ಲಿ ಅದನ್ನೇ ಕೆಲಸವಾಗಿ ಮಾಡುವವರು ಒಬ್ಬರೂ ಇರಲಿಲ್ಲ. ಇದ್ದವರೆಲ್ಲ ನನ್ನ ಹಾಗೆ, ಆಫೀಸು ಮುಗಿಸಿ ಬರುವವರು. ಈಗ ಅವನು ಡೆಟ್ರಾಯಿಟ್ ಪ್ರಾಮಿಸ್ ನೆರವಿನಲ್ಲಿ ಶುಲ್ಕವಿಲ್ಲದೆ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾನೆ, ಅಲ್ಲೇ ಆಡುತ್ತಿದ್ದಾನೆ. ಚೆನ್ನಾಗಿದ್ದಾನೆ. ಆದರೂ ಒಂಬತ್ತನೇ ತರಗತಿಯ ಬೇಸಿಗೆಯಲ್ಲೇ ಒಬ್ಬರು ಆ ಸಾಲು ನೋಡಿದ್ದರೆ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ನಗರದೊಳಗಿನ ಬಡ ಹುಡುಗರ ಕೈಯಿಂದ ಈ ಆಟ ಜಾರಿದ್ದು ಇಂದು ನಿನ್ನೆಯ ಸಂಗತಿಯಲ್ಲ. ಜಾನ್ ಯಂಗ್ ಎಂಬುವರಿದ್ದರು. 1971ರಲ್ಲಿ ಡೆಟ್ರಾಯಿಟ್‌ನ ನಮ್ಮ ಬೇಸ್‌ಬಾಲ್ ತಂಡ ಟೈಗರ್ಸ್‌ಗೆ ಎರಡೇ ಪಂದ್ಯ ಆಡಿದರು. ಮುಂದೆ ಅದೇ ತಂಡಕ್ಕೆ ಹೊಸ ಪ್ರತಿಭೆ ಹುಡುಕುವ ವಿಭಾಗದ ಮುಖ್ಯಸ್ಥರಾದರು, ಆ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ. ಹುಡುಗರನ್ನು ಹುಡುಕುತ್ತಾ ಹೋದಾಗ ದೊಡ್ಡ ನಗರಗಳ ಒಳಗಿಂದ ಆಟಗಾರರು ಬರುವುದೇ ನಿಲ್ಲುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. 1989ರಲ್ಲಿ ಲಾಸ್ ಏಂಜಲೀಸ್‌ನ ಸೌತ್ ಸೆಂಟ್ರಲ್‌ನಲ್ಲಿ ಆರ್‌ಬಿಐ ಎಂಬ ಕಾರ್ಯಕ್ರಮ ಶುರು ಮಾಡಿದರು. ನಗರದೊಳಗೆ ಬೇಸ್‌ಬಾಲಿಗೆ ಮರುಜೀವ ಕೊಡುವುದು ಅದರ ಉದ್ದೇಶ. ಇಂದು ದೇಶದ ಎಷ್ಟೋ ನಗರಗಳಲ್ಲಿದೆ. ಆದರೂ ದೇಶದ ದೊಡ್ಡ ಬೇಸ್‌ಬಾಲ್ ಲೀಗಿನ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ 2022ರಲ್ಲಿ ಎರಡೂ ತಂಡಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಪ್ಪು ಆಟಗಾರ ಒಬ್ಬನೂ ಇರಲಿಲ್ಲ. 1950ರ ನಂತರ ಹಾಗಾದದ್ದು ಅದೇ ಮೊದಲು. 2024ರ ಋತು ಶುರುವಾದಾಗ ಆ ಲೀಗಿನ ಒಟ್ಟು ಆಟಗಾರರಲ್ಲಿ ಅವರ ಪಾಲು ಶೇ. 6 ಮಾತ್ರ.

ಕಾರಣ ಹುಡುಗರ ಆಸಕ್ತಿಯಲ್ಲಿಲ್ಲ, ಖರ್ಚಿನಲ್ಲಿದೆ. ಬಾಸ್ಕೆಟ್‌ಬಾಲ್‌ಗೆ ಒಂದು ಚೆಂಡು, ಒಂದು ಬಳೆ ಸಾಕು. ಇಲ್ಲಿ ಒಳ್ಳೆಯ ಬ್ಯಾಟ್ ಒಂದಕ್ಕೇ ಮುನ್ನೂರು ಡಾಲರ್ ದಾಟುತ್ತದೆ. ಕಾಲೇಜು ಕೋಚ್‌ಗಳು ಹುಡುಗರನ್ನು ನೋಡುವುದು ಊರೂರು ಸುತ್ತುವ ಖಾಸಗಿ ತಂಡಗಳ ಟೂರ್ನಿಗಳಲ್ಲಿ. ಅಲ್ಲಿಗೆ ಹೋಗಲು ಶುಲ್ಕ, ಹೋಟೆಲು, ಕಾರಿರುವ ಅಪ್ಪ ಅಮ್ಮ ಬೇಕು. ಇತ್ತೀಚಿನವರೆಗೆ ಒಂದು ಕಾಲೇಜು ತಂಡಕ್ಕೆ ಸಿಗುತ್ತಿದ್ದ ಬೇಸ್‌ಬಾಲ್ ವಿದ್ಯಾರ್ಥಿವೇತನ, ಪೂರ್ತಿ ವೇತನಗಳ ಲೆಕ್ಕದಲ್ಲಿ, 11.7. ಅದನ್ನೇ 27 ಹುಡುಗರ ತನಕ ಹಂಚಬೇಕಿತ್ತು. ಫುಟ್‌ಬಾಲ್‌ಗೆ 85 ಪೂರ್ತಿ ವಿದ್ಯಾರ್ಥಿವೇತನ. ಕೈ ಬರಿದಾದ ತಾಯಿ ಮಗನನ್ನು ಎತ್ತ ಕಳಿಸುತ್ತಾಳೆ, ನೀವೇ ಹೇಳಿ. ಆ ಮಿತಿ ಈಗ ಹೋಗಿದೆ. ಆದರೆ ಪೂರ್ತಿ ವೇತನ ಕೊಡುವ ಶಕ್ತಿ ಎಷ್ಟು ಕಾಲೇಜುಗಳಿಗಿದೆ?

ಸಾಹೇಬರೇ, ನಿಮ್ಮ ಊರಿನಲ್ಲೇ ಇದಕ್ಕೆ ಉತ್ತರವೂ ಇದೆ. ಮಿಷಿಗನ್ ಮತ್ತು ಟ್ರಂಬುಲ್ ರಸ್ತೆಗಳು ಸೇರುವ ಮೂಲೆಯಲ್ಲಿ ಟೈಗರ್ಸ್ 1912ರಿಂದ 1999ರವರೆಗೆ ಆಡಿದರು. ಕ್ರೀಡಾಂಗಣ ಕೆಡವಿದ ಮೇಲೆ ಆಳೆತ್ತರ ಕಳೆ ಬೆಳೆದ ಆ ಜಾಗಕ್ಕೆ ಸ್ವಯಂಸೇವಕರು ತಮ್ಮ ಹುಲ್ಲು ಕತ್ತರಿಸುವ ಯಂತ್ರ ಹೊತ್ತು ಹೋಗಿ ವರ್ಷಗಟ್ಟಲೆ ಮೈದಾನ ಉಳಿಸಿದರು. 2018ರಿಂದ ಅಲ್ಲಿ ಡೆಟ್ರಾಯಿಟ್ ಪಿಎಎಲ್‌ನ, ಅಂದರೆ ಪೊಲೀಸ್ ಅಥ್ಲೆಟಿಕ್ ಲೀಗಿನ, ಮಕ್ಕಳು ಆಡುತ್ತಿದ್ದಾರೆ. ಆ ಅಂಗಳಕ್ಕೆ ವಿಲ್ಲಿ ಹಾರ್ಟನ್ ಅವರ ಹೆಸರು.

ಹಾರ್ಟನ್ ಇದೇ ಊರಿನ ಬಡ ಕೇರಿಯ ಹುಡುಗ, ನಾರ್ತ್‌ವೆಸ್ಟರ್ನ್ ಹೈಸ್ಕೂಲಿನಲ್ಲಿ ಓದಿದವರು. ಹದಿನಾರನೇ ವಯಸ್ಸಿಗೇ ಆ ಕ್ರೀಡಾಂಗಣದಲ್ಲಿ ಹೋಮ್ ರನ್ ಬಾರಿಸಿದರು. 1967ರ ಜುಲೈಯಲ್ಲಿ ಗಲಭೆಯಿಂದ ಊರು ಹೊತ್ತಿ ಉರಿದಾಗ ಪಂದ್ಯ ಮುಗಿಸಿ, ಬಟ್ಟೆ ಕೂಡ ಬದಲಿಸದೆ, ಟೈಗರ್ಸ್ ಸಮವಸ್ತ್ರದಲ್ಲೇ 12ನೇ ಬೀದಿಗೆ ಹೋಗಿ ಕಾರಿನ ಮೇಲೆ ನಿಂತು ಜನರನ್ನು ಮನೆಗೆ ಹೋಗಿರೆಂದು ಬೇಡಿಕೊಂಡರು. ಮರುವರ್ಷ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಇದೆಲ್ಲ ಡೆಟ್ರಾಯಿಟ್‌ನಲ್ಲಿ ಹಲವರಿಗೆ ಗೊತ್ತು. ನಾನು ನೆನಪಿಸಬೇಕೆಂದಿರುವುದು ಅವರ ಹದಿವಯಸ್ಸನ್ನು. ಆಗ ಅವರ ಕಾನೂನುಬದ್ಧ ಪೋಷಕರಾಗಿ ನಿಂತವರು ಡೇಮನ್ ಕೀತ್ ಎಂಬ ವಕೀಲರು, ಮುಂದೆ ಈ ದೇಶದ ಹೆಸರಾಂತ ಫೆಡರಲ್ ನ್ಯಾಯಾಧೀಶರಾದವರು. ಚೆಂಡು ಹೊಡೆಯುವುದನ್ನು ಹಾರ್ಟನ್‌ಗೆ ಯಾರಾದರೂ ಕಲಿಸುತ್ತಿದ್ದರೇನೋ. ಮನೆಯ ಬಾಗಿಲು ತೆರೆದು, ಅವನ ಕಾಗದಪತ್ರ ನೋಡಿ, ವರ್ಷಗಟ್ಟಲೆ ಬೆನ್ನಿಗೆ ನಿಲ್ಲುವ ಒಬ್ಬರು ಸಿಗುವುದು ಅದೃಷ್ಟ. ಈಸ್ಟ್ ಸೈಡ್‌ನ ಹುಡುಗನಿಗೆ ಅದು ಅದೃಷ್ಟದ ಮಾತಾಗಬಾರದು ಎಂಬುದೊಂದೇ ನನ್ನ ಕೋರಿಕೆ.

ಮೈದಾನಕ್ಕೆ ದುಡ್ಡು ಹುಟ್ಟುತ್ತದೆ. ಹುಲ್ಲು, ಬೇಲಿ, ದೀಪದ ಕಂಬಕ್ಕೆ ದಾನಿಗಳಿದ್ದಾರೆ, ಏಕೆಂದರೆ ಅದರ ಮೇಲೆ ಹೆಸರು ಬರೆಸಬಹುದು. ವ್ಯಾನಿನ ಚಾಲಕನಿಗೆ, ಅಂಕಪಟ್ಟಿ ನೋಡುವವರಿಗೆ, ಫೆಬ್ರುವರಿಯಲ್ಲಿ ಜಿಮ್ ತೆರೆದಿಡುವವರಿಗೆ ಸಂಬಳ ಕೊಡಲು ದಾನಿಗಳು ಸಿಗುವುದಿಲ್ಲ. ಶಾಲೆ ಬಿಟ್ಟ ಮೇಲಿನ ಕಾರ್ಯಕ್ರಮಗಳಿಗೆಂದೇ ಇರುವ ಕೇಂದ್ರ ಸರ್ಕಾರದ ದೊಡ್ಡ ನಿಧಿ ಒಂದೇ, ಇಪ್ಪತ್ತೊಂದನೇ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳ ಹೆಸರಿನದು, ವರ್ಷಕ್ಕೆ ಸುಮಾರು 130 ಕೋಟಿ ಡಾಲರ್. 2025ರ ಜುಲೈ 1ಕ್ಕೆ ರಾಜ್ಯಗಳಿಗೆ ತಲುಪಬೇಕಿದ್ದ ಆ ಹಣವನ್ನು ಆಡಳಿತ ತಡೆಹಿಡಿದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಿಂಗಳು ಮುಗಿಯುವ ಮುಂಚೆ ಬಿಟ್ಟರು, ನಿಜ. ಆದರೆ ಬೇಸಿಗೆಯ ನಟ್ಟನಡುವೆ ಸುಮಾರು ಮೂರು ವಾರ ದುಡ್ಡಿನ ಖಾತ್ರಿ ಇಲ್ಲದಿದ್ದರೆ ತಿಂಗಳ ಸಂಬಳ ನಂಬಿದವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಹೋದವರನ್ನು ಹುಡುಗರು ಮರಳಿ ನಂಬುವುದಿಲ್ಲ.

ಹಾಗಾಗಿ ಕೇಳುತ್ತೇನೆ. ಆ ನಿಧಿ ಮತ್ತೆ ಹಾಗೆ ಅರ್ಧದಾರಿಯಲ್ಲಿ ನಿಲ್ಲದಂತೆ ಸಂಸತ್ತಿನಲ್ಲಿ ಗಟ್ಟಿಯಾಗಿ ಮಾತಾಡಿ. ಸಂಸದರು ತಮ್ಮ ಕ್ಷೇತ್ರದ ಕೆಲವು ಸಮುದಾಯ ಯೋಜನೆಗಳನ್ನು ಕೇಂದ್ರದ ಹಣಕ್ಕಾಗಿ ಪ್ರತಿವರ್ಷ ಶಿಫಾರಸು ಮಾಡಬಹುದಷ್ಟೆ. ಮಕ್ಕಳ ಕ್ರೀಡೆಗೆ ಸಂಬಂಧಿಸಿದ್ದು ಅದರಲ್ಲಿ ಬಂದರೆ, ಕಟ್ಟಡದ ಜೊತೆಗೆ ಅದನ್ನು ಐದು ವರ್ಷ ನಡೆಸುವವರು ಯಾರು, ಅವರ ಸಂಬಳ ಎಲ್ಲಿಂದ ಎಂದು ಅರ್ಜಿದಾರರನ್ನು ಕೇಳಿ. ಇನ್ನೊಂದು ಸಣ್ಣದು, ಆದರೆ ನನಗೆ ಬಹಳ ದೊಡ್ಡದು: ಒಂಬತ್ತನೇ ತರಗತಿಗೆ ಬರುವ ಪ್ರತಿ ಕ್ರೀಡಾಪಟುವಿನ ಮನೆಗೆ ಆ 16 ವಿಷಯಗಳ ನಿಯಮ ಒಂದು ಪುಟದಲ್ಲಿ ತಲುಪುವಂತೆ ಶಾಲಾ ಜಿಲ್ಲೆಯವರನ್ನು ಕೂರಿಸಿ ಮಾತಾಡಿಸಿ. ಇದಕ್ಕೆ ಹೊಸ ಕಾಯ್ದೆ ಬೇಡ, ಸಂಸದರ ಕಚೇರಿಯಿಂದ ಒಂದು ಫೋನು ಸಾಕು.

ನೊವೈ, ಟ್ರಾಯ್, ಕ್ಯಾಂಟನ್ ಕಡೆಯ ನಮ್ಮ ಕನ್ನಡಿಗರಿಗೂ ಒಂದು ಮಾತು. ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಸೇರುವ ನಮ್ಮಲ್ಲಿ ಎಷ್ಟು ಇಂಜಿನಿಯರುಗಳು, ಎಷ್ಟು ಮೇಷ್ಟ್ರುಗಳಿದ್ದಾರೆ! ನಮ್ಮ ಮಕ್ಕಳ ಕಾಲೇಜು ಅರ್ಜಿಗೆ ಒಂಬತ್ತನೇ ತರಗತಿಯಿಂದಲೇ ಲೆಕ್ಕ ಹಾಕುವವರು ನಾವು. ಅದೇ ಕಣ್ಣಿನಿಂದ ವಾರಕ್ಕೊಂದು ಸಂಜೆ ಡೆಟ್ರಾಯಿಟ್‌ನ ಗಡಿಯಾದ 8 ಮೈಲ್ ರಸ್ತೆ ದಾಟಿ ಬಂದು ಇನ್ನೊಬ್ಬರ ಮಗನ ಅಂಕಪಟ್ಟಿ ನೋಡಿ. ಬೇಸ್‌ಬಾಲ್ ಗೊತ್ತಿರಬೇಕಿಲ್ಲ, ಹುಡುಗರೇ ಕಲಿಸುತ್ತಾರೆ. ಸ್ಕೋರ್ ಬರೆಯುವುದನ್ನು ನನಗೆ ಕಲಿಸಿದ್ದು ಆ ಕ್ಯಾಚರ್.

ಸಾಹೇಬರೇ, ಕಷ್ಟದ ಮನೆಯಲ್ಲಿ ಬೆಳೆದು ಚಿಲ್ಲರೆ ಕೆಲಸ ಮಾಡುತ್ತಾ ಓದಿದೆ ಎಂದು ನೀವೇ ಹೇಳಿಕೊಂಡಿದ್ದೀರಿ. 1979ರಲ್ಲಿ ಈ ದೇಶಕ್ಕೆ ಬಂದಿರಿ. ದಾರಿಯಲ್ಲಿ ನಿಮ್ಮ ಅಂಕಪಟ್ಟಿ ನೋಡಿ, ಈ ಅರ್ಜಿ ಹಾಕು ಎಂದು ಹೇಳಿದವರು ಒಬ್ಬರಾದರೂ ಇದ್ದಿರಬೇಕು. ಅವರನ್ನು ಒಮ್ಮೆ ನೆನೆಸಿಕೊಳ್ಳಿ.

ಏಪ್ರಿಲ್‌ನಲ್ಲಿ ಮೊದಲ ಚೆಂಡು ಎಸೆಯಲು ನಿಮ್ಮನ್ನು ಕರೆಯುವವರು ಬಹಳ ಜನ ಇರುತ್ತಾರೆ. ನಾನು ಫೆಬ್ರುವರಿಗೆ ಕರೆಯುತ್ತಿದ್ದೇನೆ. ಯಾವ ಮಂಗಳವಾರವಾದರೂ ಸರಿ, ಸಂಜೆ ಐದಕ್ಕೆ. ವಿಳಾಸ ಇಂಗ್ಲಿಷ್ ಪ್ರತಿಯಲ್ಲಿದೆ. ಆ ಹೊತ್ತಿಗೆ ಶಾಲೆಯ ಮುಂಬಾಗಿಲಿಗೆ ಬೀಗ ಬಿದ್ದಿರುತ್ತದೆ. ಹಿಂದೆ ಪಾರ್ಕಿಂಗ್ ಕಡೆಯಿಂದ ಬಂದು ಕಬ್ಬಿಣದ ಬಾಗಿಲನ್ನು ಜೋರಾಗಿ ಬಡಿಯಿರಿ. ಚೆಂಡಿನ ಸದ್ದಿನಲ್ಲಿ ಮೆಲ್ಲಗೆ ಬಡಿದರೆ ಒಳಗೆ ಕೇಳಿಸುವುದಿಲ್ಲ.

ಇತಿ,
ನಿಮ್ಮ ಜಿಲ್ಲೆಯವನೇ ಆದ
ನೊವೈ ನಿವಾಸಿ